ತೆಗೆದ ಚಿತ್ರ, ತೆಗೆಸಿಕೊಂಡ ಚಿತ್ರ

ಮಿತವ್ಯಯವೇ ಸೌಜನ್ಯವೆಂದು ನಂಬಿರುವ ಮಿತ್ರರೊಬ್ಬರು ನನಗಿದ್ದಾರೆ. ಉಡುಪಿಯಲ್ಲಿ ಬ್ಯಾಂಕಿನ ಉದ್ಯೋಗ. ಬಿಡುವಿನಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾದ ಉಪಾಸನೆ. ಒಂದು ರೋಲಿಗೆ 36 ಚಿತ್ರ. ರೋಲಿನ ಬೆಲೆ, ತೊಳೆಸುವ ಖರ್ಚು ಎಲ್ಲ ಸೇರಿ ಒಂದೊಂದು ಚಿತ್ರಕ್ಕೆ ಐವತ್ತು ರೂಪಾಯಿಯ ಹತ್ತಿರ ಬೀಳುತ್ತದೆಂದು ಅವರ ಲೆಕ್ಕ. ಆದ್ದರಿಂದ ಫಿಲ್ಮಿನವನು ನೋಡಿ, ಯೋಚಿಸಿ, ಕಾದು ಗುಂಡಿ ಒತ್ತುತ್ತಾನೆ. ಮೊಬೈಲಿನವನು ಕಂಡಕಂಡದ್ದಕ್ಕೆಲ್ಲ ಒತ್ತುತ್ತಾನೆ. ಮೊದಲನೆಯದು ಸಂಯಮ, ಎರಡನೆಯದು ಲೂಟಿ. ಈ ಸಿದ್ಧಾಂತ ಅವರೊಬ್ಬರದೇ ಅಲ್ಲ. ಅಜ್ಜನ ಕ್ಯಾಮೆರಾವನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿದ ಬೆಂಗಳೂರಿನ ತರುಣರ ಬಾಯಲ್ಲೂ ಈಚೆಗೆ ಇದನ್ನೇ ಕೇಳುತ್ತಿದ್ದೇನೆ. ಕಳೆದ ಡಿಸೆಂಬರಿನಲ್ಲಿ ಮಲ್ಪೆಯಲ್ಲಿ ಮಿತ್ರರೊಡನೆ ಒಂದು ಹಗಲು ಕಳೆಯುವವರೆಗೆ ನಾನೂ ಒಪ್ಪಿದ್ದೆ. ಈಗ ಒಪ್ಪುವುದಿಲ್ಲ.

ಬೆಳಿಗ್ಗೆ ಏಳಕ್ಕೆ ಬಂದರಿನ ದಕ್ಕೆಯಲ್ಲಿದ್ದೆವು. ಬೋಟುಗಳು ಒಂದಕ್ಕೊಂದು ಆತು ನಿಂತು ಬಂಗುಡೆ ಇಳಿಸುತ್ತಿದ್ದುವು. ಮಂಜುಗಡ್ಡೆ ಪುಡಿಯಾಗುವ ಸದ್ದು, ಹರಾಜಿನ ಕೂಗು, ಕಾಲಡಿಯಲ್ಲಿ ಮೀನಿನ ನೀರು. ಸಸ್ಯಾಹಾರಿಗಳಾದ ನನ್ನ ಮಿತ್ರರು ಮೂಗಿಗೆ ಕರ್ಚೀಫು ಹಿಡಿದೇ ಕೆಲಸ ನಡೆಸಿದರು. (ಫಿಲ್ಮಿನ ಮೇಲೆ ಬೆಳ್ಳಿಯ ಲವಣಗಳನ್ನು ಹಿಡಿದಿಡುವ ಜೆಲಟಿನ್ ದನದ ಮೂಳೆ ಚರ್ಮಗಳನ್ನು ಬೇಯಿಸಿ ತೆಗೆದದ್ದೆಂಬುದನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ.) ಮೀನು ವಿಂಗಡಿಸುತ್ತ ಕುಳಿತಿದ್ದ ನಡುವಯಸ್ಸಿನ ಹೆಂಗಸೊಬ್ಬರ ಎದುರು ಅವರು ಹತ್ತು ನಿಮಿಷ ನಿಂತರು. ಬೆಳಕು ಅಳೆದರು, ದೂರ ಅಳೆದರು, ಕಾದರು. ಕೊನೆಗೆ ಒಂದೇ ಒಂದು ಸಲ ಒತ್ತಿದರು. ಸಂಯಮವೆಂದರೆ ಅದು!

ಆಕೆ ತಲೆಯೆತ್ತಿದರು. “ಎಂತ ಮಾರಾಯ್ರೇ, ಫೋಟೋ ತೆಗೆದದ್ದಾ? ಸ್ವಲ್ಪ ತೋರಿಸಿ.”

“ಇದರಲ್ಲಿ ಕಾಣುವುದಿಲ್ಲ ಅಕ್ಕ. ಫಿಲ್ಮು. ತೊಳೆಸಬೇಕು.”

“ತೊಳೆಸಿದ ಮೇಲೆ ನನಗೊಂದು ಕೊಡ್ತೀರಾ?”

“ನೋಡುವ,” ಎಂದರು ಮಿತ್ರರು.

ಆಕೆ ನಕ್ಕರು. “ಎಲ್ಲರೂ ನೋಡುವ ಅಂತಲೇ ಹೇಳುವುದು. ಬರುವುದುಂಟು, ತೆಗೆಯುವುದುಂಟು. ಕೊಟ್ಟದ್ದು ಮಾತ್ರ ಇಲ್ಲ.” ಮತ್ತೆ ಬುಟ್ಟಿಯ ಕಡೆ ತಿರುಗಿದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ.

ಐದು ನಿಮಿಷವಾಗಿರಲಿಲ್ಲ, ಕಾಲೇಜಿನ ಹುಡುಗನೊಬ್ಬ ಮೊಬೈಲು ಹಿಡಿದು ಬಂದ. “ಅಕ್ಕ, ಒಂದು ಫೋಟೋ?” ಎಂದ. ಆಕೆ ಕೈ ತೊಳೆದು, ಸೆರಗು ಸರಿಮಾಡಿ, ನೆಟ್ಟಗೆ ಕುಳಿತರು. ಅವನು ಎಂಟು ಹತ್ತು ಚಿತ್ರ ತೆಗೆದ. ಹೌದು, ಲೆಕ್ಕವಿಲ್ಲದೆ ತೆಗೆದ. ತೋರಿಸಿದ. ಆಕೆ ಮೂರನ್ನು ಬೇಡವೆಂದರು, ಒಂದನ್ನು ಮೆಚ್ಚಿದರು. ಮೆಚ್ಚಿದ್ದು ಅಲ್ಲಿಂದಲೇ ಆಕೆಯ ಮಗನ ಮೊಬೈಲಿಗೆ ಹೋಯಿತು. ನನ್ನ ಮಿತ್ರರ ಸಿದ್ಧಾಂತದಂತೆ ಇವನು ಲೂಟಿಕೋರ.

ಕನ್ನಡ ಪಾಠ ಹೇಳುವವನನ್ನು ವ್ಯಾಕರಣ ಮೀನು ಮಾರುಕಟ್ಟೆಯಲ್ಲೂ ಬಿಡುವುದಿಲ್ಲ; ಓದುಗರು ಕ್ಷಮಿಸಬೇಕು. ನಮ್ಮ ಅಜ್ಜಿಯದು ಒಂದೇ ಒಂದು ಫೋಟೋ ಇದೆ. ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕುಳಿತು, ಪಕ್ಕದ ಮೇಜಿನ ಹೂದಾನಿಯ ಮೇಲೆ ಕೈಯಿಟ್ಟದ್ದು. ಮನೆಯಲ್ಲಿ ಎಲ್ಲರೂ ಹೇಳುವುದು ‘ಅಜ್ಜಿ ಫೋಟೋ ತೆಗೆಸಿಕೊಂಡರು’ ಎಂದು. ಈ ವಾಕ್ಯದಲ್ಲಿ ಕರ್ತೃ ಅಜ್ಜಿ. ಛಾಯಾಗ್ರಾಹಕನ ಸುಳಿವೇ ಇಲ್ಲ. ಅವನು ಕೂಲಿಗೆ ಬಂದವನು. ‘ಕೊಳ್ಳು’ ಸೇರಿರುವುದರಿಂದ ಫಲವೂ ಅಜ್ಜಿಯದೇ. ಚಿತ್ರದ ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ, ನೆಗೆಟಿವಿನ ನಂಬರು. ಬೇಕಾದಾಗ ಇನ್ನೊಂದು ಪ್ರತಿ ಕೇಳುವ ಹಕ್ಕು ಅದು. ಈಗ ನನ್ನ ಮಿತ್ರರ ವಾಕ್ಯ ನೋಡಿ: ‘ನಾನು ಒಬ್ಬ ಮೀನುಗಾರ ಹೆಂಗಸಿನ ಫೋಟೋ ತೆಗೆದೆ.’ ಕರ್ತೃ ಅವರು, ಕರ್ಮ ಫೋಟೋ. ಆಕೆ ಕರ್ಮವೂ ಅಲ್ಲ. ಬರಿಯ ಷಷ್ಠೀ ವಿಭಕ್ತಿ!

ನಿಧಾನವೇ ಸೌಜನ್ಯವಾಗಿದ್ದರೆ ಛಾಯಾಚಿತ್ರದ ಇತಿಹಾಸ ಬಹಳ ಸಭ್ಯವಾಗಿರಬೇಕಿತ್ತು. 1868ರಿಂದ 1875ರವರೆಗೆ ಲಂಡನ್ನಿನಲ್ಲಿ ಸರಕಾರದ ಆಶ್ರಯದಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ 8 ಸಂಪುಟಗಳು ಹೊರಬಂದುವು. ಅದು ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಹಸಿ ಆರುವ ಮುನ್ನ ಚಿತ್ರ ತೆಗೆದು ತೊಳೆಯಬೇಕಾಗಿದ್ದ ಕಾಲ. ಮಿತ್ರರ 36ರ ಮುಂದೆ ಅದು ಘೋರ ತಪಸ್ಸು. ಆ ತಪಸ್ಸಿನಿಂದ ಆದದ್ದೇನು? ನಮ್ಮ ಜನರನ್ನು ಜಾತಿ ಪಂಗಡಗಳ ಮಾದರಿಗಳಂತೆ ನಿಲ್ಲಿಸಿ ಆಳುವವರ ಕಪಾಟು ತುಂಬಿಸಿದ್ದು. ಸಲಕರಣೆ ನಿಧಾನವಾದಷ್ಟಕ್ಕೇ ಕಣ್ಣಿಗೆ ಮರ್ಯಾದೆ ಬರುವುದಿಲ್ಲ.

ಮಧ್ಯಾಹ್ನ ಸೇಂಟ್ ಮೇರಿ ದ್ವೀಪಕ್ಕೆ ಹೋದೆವು. ಐದು ಮೂಲೆ, ಆರು ಮೂಲೆಯ ಕಂಬಗಳಂತೆ ಎದ್ದು ನಿಂತ ಬಂಡೆಗಳು. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾ ತಣ್ಣಗಾಗಿ ಆದಂಥವು. ಮಿತ್ರರು ಅಲ್ಲಿ 19 ಚಿತ್ರ ಸುರಿದರು. ಮುಖದಲ್ಲಿ ಎಂಥ ನಿರಾಳ! ಬಂಡೆಗಳು ಪ್ರತಿ ಕೇಳುವುದಿಲ್ಲ.

ಹಿಂದಿರುಗುವಾಗ ದೋಣಿಯಲ್ಲಿ ಜಗಳವಾಯಿತು. “ಕೇಳಿ ತೆಗೆದರೆ ಸಹಜತೆ ಹೋಗುತ್ತದೆ ಮಾರಾಯ,” ಎಂದರು. ಬಗ್ಗಿ ಮೀನು ಆರಿಸುವುದಷ್ಟೇ ಆಕೆಯ ಸಹಜತೆ, ಸೆರಗು ಸರಿಮಾಡಿಕೊಂಡು ಕೂರುವುದು ಅಲ್ಲ ಎಂದು ತೀರ್ಮಾನಿಸಿದವರು ಯಾರು? ಹೋಗಲಿ, ಮೊದಲು ಕೇಳಿದರೆ ಸಹಜತೆ ಕೆಡುತ್ತದೆಂದೇ ಇಟ್ಟುಕೊಳ್ಳೋಣ. ಆಮೇಲೆ ಒಂದು ಪ್ರತಿ ಕೊಟ್ಟರೆ ಕೆಡುವುದೇನು? “ನೀನು ಇಲ್ಲಿಯೂ ಮೇಷ್ಟ್ರ ಹಾಗೆ ಮಾತಾಡಬೇಡ,” ಎಂದು ಅವರು ಸಮುದ್ರದ ಕಡೆ ತಿರುಗಿದರು.

ಫಿಲ್ಮಿನ ಮೇಲೆ ನನಗೆ ಹಗೆಯಿಲ್ಲ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರಕಾರಿ ಕಾರ್ಖಾನೆ ಚಂದ್ರನ ಹೆಸರಿಟ್ಟು ‘ಇಂದು’ ಎಂಬ ಫಿಲ್ಮು ಮಾಡುತ್ತಿತ್ತು. ಅದು ಮುಚ್ಚಿಹೋದದ್ದು ನನಗೂ ವ್ಯಥೆಯೇ. ಮೊಬೈಲಿನ ಚಿತ್ರ ಮೊಬೈಲಿನೊಡನೆ ಕಳೆಯಬಹುದು. ನೆಗೆಟಿವ್ ಡಬ್ಬಿಯಲ್ಲಿದ್ದು ಮೊಮ್ಮಕ್ಕಳಿಗೂ ಪ್ರತಿ ಕೊಡಬಲ್ಲುದು. ಗೋಡೆಗೆ ಹಾಕುವ ಕಾಗದದ ಚಿತ್ರವನ್ನು ಕೊಡುವ ಅಭ್ಯಾಸ ಫಿಲ್ಮಿನ ಕಾಲದ್ದೇ. ಆ ಕಾಲದ ಕ್ಯಾಮೆರಾ ಬೇಕು, ಗುಂಡಿಯ ಸದ್ದು ಬೇಕು, ಐವತ್ತು ರೂಪಾಯಿಯ ಹೆಮ್ಮೆ ಬೇಕು. ಅಂಚೆಯಲ್ಲಿ ಒಂದು ಪ್ರತಿ ಕಳಿಸುವ ಸ್ಟುಡಿಯೋದವನ ಮರ್ಯಾದೆಯೊಂದು ಬೇಡವೆಂದರೆ ಹೇಗೆ?

ಚಿತ್ರ ಚೆನ್ನಾಗಿ ಬಂದಿದೆ. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತಮ್ಮ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಕೆಳಗೆ ‘ಶ್ರಮಜೀವಿ’ ಎಂದು ಶೀರ್ಷಿಕೆ. ಆಕೆಯ ಹೆಸರು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು, ಅಂದೇ ಕೇಳಿ, ಮಗನ ನಂಬರಿನೊಡನೆ ಡೈರಿಯಲ್ಲಿ ಬರೆದುಕೊಂಡೆ. ಮೂರು ಸಲ ಪ್ರತಿ ಕೇಳಿದ್ದೇನೆ. ಮೂರು ಸಲವೂ “ಕಳಿಸುವ” ಎಂದಿದ್ದಾರೆ.

ಹೇಳದೆ ಕೇಳದೆ ಆಕೆಯನ್ನು ಪತ್ರಿಕೆಗೆ ಎಳೆದದ್ದು ನೀನೂ ಅಲ್ಲವೆ ಎಂದು ಅವರು ಕೇಳಿಯಾರು. ಎಳೆದಿದ್ದೇನೆ, ಹೆಸರು ಬರೆದಿಲ್ಲ, ಅಚ್ಚಾದ ಪುಟವನ್ನು ಆ ಚಿತ್ರದ ಜೊತೆಯಲ್ಲೇ ಕಳಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಆಕೆ ದಕ್ಕೆಯಲ್ಲಿ ಸಿಗಲಾರರು. ಮೇ ತಿಂಗಳೊಳಗೆ ನನಗೆ ಪ್ರತಿ ಬೇಕು.