ಪ್ರಾರ್ಥನೆಯಲ್ಲಿ ಬೇಸರಗೊಳ್ಳದಿರುವುದು



“ಇಷ್ಟು ವರ್ಷ ಪ್ರಾರ್ಥಿಸಿದರೂ ಫಲ ಕಾಣಲಿಲ್ಲ, ಇನ್ನೇಕೆ ಪ್ರಾರ್ಥಿಸಬೇಕು?” ಎಂಬ ಪ್ರಶ್ನೆ ಕ್ರೈಸ್ತ ಮನೆಗಳಲ್ಲಿ ಆಗಾಗ ಏಳುತ್ತದೆ. ಮಗನಿಗೆ ಕೆಲಸ ಸಿಗದಾಗ, ರೋಗಿ ಗುಣವಾಗದಾಗ ಹೊರಡುವ ಈ ಮಾತನ್ನು ಅವಿಶ್ವಾಸವೆಂದು ಗದರಿಸುವುದು ತರವಲ್ಲ. ಅದಕ್ಕೆ ಉತ್ತರ ಹುಡುಕಬೇಕು.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ವಿಧವೆಯೊಬ್ಬಳ ಸಾಮ್ಯವಿದೆ. ಯಾರಿಗೂ ಅಂಜದ ನ್ಯಾಯಾಧಿಪತಿಯು ಅವಳ ಕಾಟ ತಾಳಲಾರದೆ ಕಡೆಗೆ ನ್ಯಾಯ ತೀರಿಸುತ್ತಾನೆ. ದೇವರನ್ನೂ ಹೀಗೆಯೇ ಪೀಡಿಸಿ ಒಪ್ಪಿಸಬೇಕೆಂದು ತಿಳಿಯುವವರುಂಟು. ಆದರೆ ಅಂಥ ಕಠಿಣನೇ ಕಿವಿಗೊಟ್ಟ ಮೇಲೆ ಕರುಣಾಳುವಾದ ದೇವರು ಕಿವಿಗೊಡನೇ ಎಂಬುದೇ ಯೇಸುವಿನ ತಾತ್ಪರ್ಯ.

ಕೇಳಿದ್ದೆಲ್ಲ ಸಿಗುತ್ತದೆಂದು ಬೈಬಲ್ ನಂಬಿಸುವುದಿಲ್ಲ. ಗೆತ್ಸೇಮನೆಯಲ್ಲಿ ಯೇಸು ಮೂರು ಬಾರಿ ಪ್ರಾರ್ಥಿಸಿದನು, ಶಿಲುಬೆ ತಪ್ಪಲಿಲ್ಲ. ಪೌಲನು ಮೂರು ಸಲ ಬೇಡಿದನು. ಮುಳ್ಳು ಹೋಗಲಿಲ್ಲ, ಸಹಿಸುವ ಬಲ ಬಂದಿತು. ಯೆರೆಮೀಯನು ಬಾಬೆಲಿನ ಸೆರೆಯವರಿಗೆ ಬರೆದ ಪತ್ರದಲ್ಲಿ, ಪೂರ್ಣಮನಸ್ಸಿನಿಂದ ಹುಡುಕುವವರಿಗೆ ದೇವರು ದೊರಕುವನೆಂಬ ಭರವಸೆಯೊಡನೆ 70 ವರ್ಷಗಳ ಕಾಯುವಿಕೆಯೂ ಇದೆ. ಅಷ್ಟರವರೆಗೆ ಮನೆ ಕಟ್ಟಿ ತೋಟ ಮಾಡಿಕೊಂಡಿರಬೇಕೆಂಬ ಬುದ್ಧಿವಾದವೂ ಇದೆ. ಪ್ರಾರ್ಥಿಸುವವನು ಕೈಕಟ್ಟಿ ಕೂರಬೇಕಾಗಿಲ್ಲ.

ನಮ್ಮ ಸೀಮೆಯಲ್ಲೇ ಇದಕ್ಕೆ ನಿದರ್ಶನವುಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು ಬೈಬಲಿನ ಅನುವಾದಕ್ಕೆ ತೊಡಗಿದರು. ಸಂಪೂರ್ಣ ಕನ್ನಡ ಬೈಬಲ್ ಹೊರಬಂದದ್ದು 1831ರಲ್ಲಿ. ಅವರ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಯಿತು. ಎರಡು ದಶಕಗಳ ಆ ದುಡಿಮೆಯೂ ನನ್ನ ದೃಷ್ಟಿಯಲ್ಲಿ ಪ್ರಾರ್ಥನೆಯೇ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಕ್ರೈಸ್ತರು ಇಂದು ತಾಯ್ನುಡಿಯಲ್ಲಿ ದೇವರ ವಾಕ್ಯವನ್ನು ಓದುವಾಗ ಆ ತಾಳ್ಮೆಯ ಋಣ ಅವರ ಮೇಲಿದೆ.

ಬಿಡದೆ ಹುಡುಕುವುದು ಈ ಮಣ್ಣಿಗೆ ಹೊಸತೂ ಅಲ್ಲ. ಹಂಪೆಯ ನದೀತೀರದಲ್ಲಿರುವ ಪುರಂದರದಾಸರ ಮಂಟಪವನ್ನು ನೀವು ಬಲ್ಲಿರಿ. ಮಾರ್ಗ ಬೇರೆ, ನಂಬುಗೆ ಬೇರೆ. ಹಂಬಲದ ತೀವ್ರತೆಯನ್ನು ಅನ್ಯರಲ್ಲಿ ಕಂಡಾಗ ಗೌರವಿಸುವುದು ಕ್ರೈಸ್ತನಿಗೂ ಭೂಷಣ.

ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇಂದಿಗೂ ನಮ್ಮ ಗದ್ದೆಗಳಿಗೆ ನೀರುಣಿಸುತ್ತಿವೆ. ನದಿ ತುಂಬಿ ಹರಿದರೂ ಹೂಳು ತೆಗೆಯದ ಕಾಲುವೆಯಲ್ಲಿ ನೀರು ಬಾರದು. ನಿತ್ಯಪ್ರಾರ್ಥನೆ ಆ ಹೂಳೆತ್ತುವ ಕೆಲಸ. ದೇವರ ಮನಸ್ಸನ್ನು ಬದಲಿಸುವುದಕ್ಕಿಂತ ನಮ್ಮ ಮನಸ್ಸನ್ನು ಹಸನುಗೊಳಿಸುವುದೇ ಅದರ ಮೊದಲ ಫಲ. ಆದುದರಿಂದ ದಿನಕ್ಕೊಂದು ಗಳಿಗೆಯನ್ನು ಗೊತ್ತುಮಾಡಿಕೊಳ್ಳಿರಿ. ನಿಮ್ಮ ಕೋರಿಕೆಯೊಡನೆ ನೆರೆಯವರ ಕಷ್ಟವನ್ನೂ ಸೇರಿಸಿರಿ. ಉತ್ತರ ತಡವಾದರೂ ಬಿಡಬೇಡಿರಿ.