ತೆರೆಯ ಚಿತ್ರವು ಕಪ್ಪಾದಾಗ

ವರ್ಚುವಲ್ ಮೆಷೀನಿನಲ್ಲಿ, ಎಂದರೆ ಒಂದು ಕಂಪ್ಯೂಟರಿನ ಒಡಲಲ್ಲಿ ನಡೆಯುವ ಮತ್ತೊಂದು ಕಂಪ್ಯೂಟರಿನಲ್ಲಿ, ಲಿನಕ್ಸನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ಸ್ಕ್ರೀನ್‌ಶಾಟ್ ತೆಗೆಯಲು ಹೋಗಿ ಬರಿಯ ಕಪ್ಪು ಚೌಕವನ್ನು ಪಡೆಯುವುದುಂಟು. ಬಹುಮಂದಿ ಇದನ್ನು ಯಂತ್ರದ ದೋಷವೆಂದು ಬಗೆದು, ಎಲ್ಲವನ್ನೂ ಅಳಿಸಿ ಮರಳಿ ಸ್ಥಾಪಿಸಲು ತೊಡಗುತ್ತಾರೆ. ಆದರೆ ಅನೇಕ ವೇಳೆ ಅದು ದೋಷವಲ್ಲ, ನಿರಾಕರಣೆ.

1987ರಲ್ಲಿ ಹೊರಬಂದ ಎಕ್ಸ್11 ವ್ಯವಸ್ಥೆಯಲ್ಲಿ ಯಾವ ಪ್ರೋಗ್ರಾಮಾದರೂ ಮಿಕ್ಕವುಗಳ ವಿಂಡೋಗಳನ್ನು ಯಾರನ್ನೂ ಕೇಳದೆ ನೋಡಬಲ್ಲದು. ಒತ್ತಿದ ಕೀಲಿಗಳನ್ನೂ ಅರಿಯಬಲ್ಲದು. ಗುಪ್ತಪದವನ್ನು ಬರೆಯುವಾಗ ಹೆಗಲ ಮೇಲಿನಿಂದ ಅಪರಿಚಿತನೊಬ್ಬನು ಇಣುಕಿದಂತೆಯೇ ಸರಿ. 2008ರಲ್ಲಿ ಆರಂಭವಾದ ವೇಲ್ಯಾಂಡ್ ಈ ಬಾಗಿಲನ್ನು ಮುಚ್ಚಿತು. ಅಲ್ಲಿ ಪ್ರತಿಯೊಂದು ಪ್ರೋಗ್ರಾಮಿಗೂ ತನ್ನ ವಿಂಡೋ ಮಾತ್ರ ಗೋಚರ; ಇಡೀ ತೆರೆಯನ್ನು ಬಲ್ಲುದು ಅದನ್ನು ಜೋಡಿಸುವ ಕಾಂಪೊಸಿಟರ್ ಒಂದೇ. ಅದರ ಅನುಮತಿಯನ್ನು ಕೇಳಲರಿಯದ ಸ್ಕ್ರಾಟ್‌ನಂಥ ಹಳೆಯ ಸಲಕರಣೆಗಳಿಗೆ ಕಪ್ಪು ಬಿಟ್ಟು ಬೇರೇನೂ ದೊರೆಯದು. ಫೆಡೋರಾ 2016ರಲ್ಲಿಯೂ ಉಬುಂಟು 2021ರಲ್ಲಿಯೂ ವೇಲ್ಯಾಂಡನ್ನು ಸಾಮಾನ್ಯ ಪದ್ಧತಿಯನ್ನಾಗಿ ಅಂಗೀಕರಿಸಿದುದರಿಂದ ಈ ತೊಡಕು ಬಹುಜನರ ಅನುಭವಕ್ಕೆ ಬಂದಿದೆ.

ಚಿತ್ರಕ್ಕಾಗಿ ಎಕ್ಸ್11ಕ್ಕೆ ಹಿಂದಿರುಗಿರೆಂದು ಸಲಹೆ ಕೊಡುವವರಿದ್ದಾರೆ. ನಾವು ಇದನ್ನು ಒಪ್ಪಲಾರೆವು. ಒಂದು ಚಿತ್ರವನ್ನು ತೆಗೆಯುವುದಕ್ಕಾಗಿ ಮನೆಯ ಗೋಡೆಯನ್ನೇ ಕೆಡವಬೇಕೆ? ಡೆಸ್ಕ್‌ಟಾಪಿನೊಡನೆ ಬಂದಿರುವ ಸ್ಕ್ರೀನ್‌ಶಾಟ್ ಸಾಧನವು ಕಾಂಪೊಸಿಟರಿನ ಒಪ್ಪಿಗೆಯಿಂದಲೇ ಕೆಲಸಮಾಡುತ್ತದೆ. ಮೊದಲು ಅದನ್ನು ಪ್ರಯೋಗಿಸುವುದು ಲೇಸು. ಪ್ರಿಂಟ್ ಸ್ಕ್ರೀನ್ ಕೀಲಿಯನ್ನು ಒತ್ತಿದರೂ ಏನೂ ಆಗದಿದ್ದರೆ ಆ ಕೀಲಿಯನ್ನು ಹೊರಗಿನ ಕಂಪ್ಯೂಟರೇ ಕಸಿದುಕೊಂಡಿರಬಹುದು. ಆಗ ಸಾಧನವನ್ನು ಮೆನುವಿನಿಂದ ತೆರೆಯಬೇಕು. ಅದೂ ಕಪ್ಪನ್ನೇ ಕೊಟ್ಟರೆ ವರ್ಚುವಲ್ ಮೆಷೀನನ್ನು ನಿಲ್ಲಿಸಿ, ಅದರ 3ಡಿ ವೇಗವರ್ಧನೆಯನ್ನು ತೆಗೆದು ಪರೀಕ್ಷಿಸಬಹುದು.

ಹೊರಗಿನಿಂದಲೂ ಚಿತ್ರ ತೆಗೆಯಬಹುದೆಂಬುದನ್ನು ಅನೇಕರು ಮರೆಯುತ್ತಾರೆ. ವರ್ಚುವಲ್‌ಬಾಕ್ಸ್‌ನಲ್ಲಿ ಹೋಸ್ಟ್ ಕೀಲಿಯೊಡನೆ ಇ ಅಕ್ಷರವನ್ನು ಒತ್ತಿದರೆ ಸಾಕು. ಒಳಗಿನ ವೇಲ್ಯಾಂಡಿನ ನಿರ್ಬಂಧವು ಅಲ್ಲಿಗೆ ತಲಪದು. (ಹೊರಗಿನ ಒಡೆಯನಿಂದ ಒಳಗಿನವನಿಗೆ ಗುಟ್ಟೆಂಬುದಿಲ್ಲ ಎಂಬುದೂ ಇದರಿಂದಲೇ ವಿದಿತವಾಗುತ್ತದೆ.)

ಇಷ್ಟಾದರೂ ಸಲಕರಣೆಗಳನ್ನು ರಚಿಸುವವರನ್ನು ನಾವು ಪೂರ್ಣವಾಗಿ ಕ್ಷಮಿಸಲಾರೆವು. ನಿರಾಕರಿಸುವುದು ನ್ಯಾಯವೇ; ಆದರೆ ಅನುಮತಿಯಿಲ್ಲವೆಂದು ಒಂದು ವಾಕ್ಯದಲ್ಲಿ ತಿಳಿಸದೆ, ಕಪ್ಪು ಚಿತ್ರವೊಂದನ್ನು ಸಫಲವಾದ ಚಿತ್ರವೆಂಬಂತೆ ಉಳಿಸಿಕೊಡುವುದು ನ್ಯಾಯವಲ್ಲ. ಅದನ್ನು ತೆರೆದು ನೋಡದೆ ಪ್ರಯೋಗದ ವರದಿಗೆ ಅಂಟಿಸಿದ ವಿದ್ಯಾರ್ಥಿಯು ಅಂಕಗಳನ್ನು ಕಳೆದುಕೊಳ್ಳುವನು.