ಪಾಯಿಂಟು ಪೇಂಟರಿಗೆ, ಬಿಲ್ಲು ಮನೆಯವರಿಗೆ

ಮಳೆ ಹಿಂದೆ ಸರಿದು ದೀಪಾವಳಿ ಹತ್ತಿರ ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾದ ಬಣ್ಣದ ಅಂಗಡಿಗಳಿಗೆ ಪುರುಸೊತ್ತಿಲ್ಲ. ಪಾಚಿ ಹಿಡಿದ ಪಾಗಾರ ಉಜ್ಜಬೇಕು, ಮಗಳ ಮದುವೆಗೆ ಮನೆ ಬೆಳಗಬೇಕು, ಗಲ್ಫಿನಿಂದ ರಜೆಗೆ ಬರುವವರ ಹೊಸ ಮನೆ ಮುಗಿಯಬೇಕು. ಯಾವ ಬಣ್ಣ, ಯಾವ ಪೈಪು, ಯಾವ ವಾಯರು ಎಂದು ಮನೆಯವರು ಟಿವಿಯನ್ನು ಕೇಳುವುದಿಲ್ಲ. ಪೇಂಟರನ್ನು, ಪ್ಲಂಬರನ್ನು, ಗೌಂಡಿಯನ್ನು ಕೇಳುತ್ತಾರೆ. "ನಮಗೆಂತ ಗೊತ್ತು, ನೀವೇ ಹೇಳಿ ಮಾರಾಯ್ರೆ" ಎನ್ನುತ್ತಾರೆ.

ಈ ಒಂದು ಮಾತಿಗೆ ಎಷ್ಟು ಬೆಲೆ ಎಂಬುದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ನಮಗೆ ಗೊತ್ತಿಲ್ಲ. ನಮ್ಮ ತಕರಾರು ಇಲ್ಲಿಂದಲೇ ಶುರು.

ಇದು ಹೊಸ ವಿದ್ಯೆಯೇನಲ್ಲ. 1959ರಲ್ಲಿ ಫೆವಿಕಾಲ್ ಬಂದಾಗ ಬಡಿಗರು ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡಿದ ಅಂಟನ್ನು ಕಾಯಿಸಿ ಹಚ್ಚುತ್ತಿದ್ದರು. ಆ ಕಂಪನಿ ಅಂಗಡಿಯನ್ನಷ್ಟೇ ನೆಚ್ಚಿಕೊಳ್ಳದೆ ನೇರ ಬಡಿಗರ ಬಳಿ ಹೋಯಿತು, ಮುಂದೆ ಅವರಿಗಾಗಿಯೇ ಕ್ಲಬ್ಬು ಕಟ್ಟಿತು. ಬಣ್ಣದ ಕಂಪನಿಗಳು ಡಬ್ಬಿಯೊಳಗೆ ಟೋಕನ್ ಇಟ್ಟವು. ಈಗ ಟೋಕನ್ ಹೋಗಿ ಕ್ಯೂಆರ್ ಕೋಡ್ ಬಂದಿದೆ. ಎಲೆಕ್ಟ್ರಿಷಿಯನ್‌ಗಳಿಗೆ 'ಪಾಲಿಕ್ಯಾಬ್ ಎಕ್ಸ್‌ಪರ್ಟ್ಸ್' ಇರುವಂತೆ ಒಂದೊಂದು ಕಸುಬಿಗೂ ಕಂಪನಿಗಳ ಆ್ಯಪ್ ಇದೆ. ಸ್ಕ್ಯಾನ್ ಮಾಡಿದರೆ ಪಾಯಿಂಟು. ಪಾಯಿಂಟು ಕೂಡಿದರೆ ಖಾತೆಗೆ ಹಣ, ಇಲ್ಲವೇ ಮಿಕ್ಸರ್, ಮೊಬೈಲ್, ದೊಡ್ಡ ಗುತ್ತಿಗೆದಾರರಿಗೆ ಪ್ರವಾಸ. ಜೊತೆಗೆ ವಾಟ್ಸ್ಆ್ಯಪ್ ಗ್ರೂಪು, ಯೂಟ್ಯೂಬ್ ಪಾಠ, ರೀಲ್ಸ್ ಸ್ಪರ್ಧೆ.

ಇದನ್ನು ಅವರು 'ಬಹುಮಾನ' ಎನ್ನುತ್ತಾರೆ. ನಾವು ಕಮಿಷನ್ ಎನ್ನುತ್ತೇವೆ. ಮೀನು ಹರಾಜಿನಲ್ಲಿ ಕಮಿಷನ್ ಇದೆ, ಅಡಿಕೆ ವ್ಯಾಪಾರದಲ್ಲಿ ದಲಾಲಿ ಇದೆ. ಅಲ್ಲಿ ಎರಡೂ ಕಡೆಯವರಿಗೆ ಅದು ಗೊತ್ತಿರುತ್ತದೆ. ಇಲ್ಲಿ ಮಾತ್ರ ದುಡ್ಡು ಕೊಡುವವರಿಗೇ ಗೊತ್ತಿಲ್ಲ. ಕಂಪನಿ ಪಾಯಿಂಟಿನ ಹಣವನ್ನು ಆಕಾಶದಿಂದ ತರುವುದಿಲ್ಲ. ಅದು ಡಬ್ಬಿಯ ಬೆಲೆಯೊಳಗೇ ಇದೆ, ಮನೆಯವರ ಜೇಬಿನಿಂದಲೇ ಬರುತ್ತದೆ.

"ಬಡ ಪೇಂಟರಿಗೆ ನಾಲ್ಕು ಕಾಸು ಸಿಕ್ಕಿದರೆ ನಿಮಗೇನು ಹೊಟ್ಟೆಯುರಿ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಿಸಿಲಲ್ಲಿ ಬಿದಿರಿನ ಅಟ್ಟ ಕಟ್ಟಿ ಜೀವ ಒತ್ತೆಯಿಟ್ಟು ದುಡಿಯುವವನಿಗೆ, ಮಳೆಗಾಲದ ನಾಲ್ಕು ತಿಂಗಳು ಅರ್ಧ ಕೆಲಸವೂ ಇಲ್ಲದವನಿಗೆ, ಸಿಗುವ ಹಣ ಸಿಗಲಿ. ಆದರೆ ಅದು ಮೇಜಿನ ಮೇಲೆ ಸಿಗಲಿ, ಕೆಳಗೆ ಬೇಡ. ಏಕೆಂದರೆ ಗುಟ್ಟಾದ ಕಮಿಷನ್ನಿನಲ್ಲಿ ಕೊನೆಗೆ ಸೋಲುವವನು ಪೇಂಟರೇ.

ಹೇಗೆ ಎನ್ನುತ್ತೀರಾ? ನಮ್ಮದು ಚಿರೆಕಲ್ಲಿನ ಗೋಡೆ, ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ಹೊಸ ಗಾರೆ ಕನಿಷ್ಠ 28 ದಿನ ಹದವಾಗಬೇಕು, ಆಮೇಲೆ ಒಣಗಬೇಕು. ತೇವದ ಗೋಡೆಗೆ ಎಷ್ಟು ದುಬಾರಿ ಬಣ್ಣ ಬಳಿದರೂ ಉಪ್ಪು ಹೊರಗೆ ಬಂದು ಪೊರೆ ಏಳುತ್ತದೆ. ಎಷ್ಟೋ ಸಲ ಆ ಗೋಡೆಗೆ ಬೇಕಾದದ್ದು ಇನ್ನೊಂದು ಡಬ್ಬಿ ಬಣ್ಣವಲ್ಲ, ಇನ್ನೊಂದು ತಿಂಗಳ ಬಿಸಿಲು. ಆದರೆ 'ಕಾಯಿರಿ' ಎಂದು ಹೇಳಿದ ಪೇಂಟರಿಗೆ ಯಾವ ಆ್ಯಪ್ ಕೂಡ ಪಾಯಿಂಟು ಕೊಡುವುದಿಲ್ಲ. ಡಬ್ಬಿ ಖಾಲಿಯಾದರೆ ಮಾತ್ರ ಪಾಯಿಂಟು.

ಮುಂದಿನ ಮಳೆಗೆ ಗೋಡೆ ಹೊಪ್ಪಳೆ ಎದ್ದಾಗ ಮನೆಯವರು ಫೋನ್ ಮಾಡುವುದು ಮುಂಬೈಯ ಕಚೇರಿಗಲ್ಲ, ಪಕ್ಕದ ಕೇರಿಯ ಪೇಂಟರಿಗೆ. ಕಂಪನಿಯ ವಾರಂಟಿ ಕೇಳಲು ಹೋದರೆ 'ಗೋಡೆ ಸರಿಯಾಗಿ ತಯಾರಾಗಿರಲಿಲ್ಲ' ಎಂಬ ಷರತ್ತು ಎದುರಾಗುತ್ತದೆ. ಹೆಸರು ಕೆಡುವುದು ಯಾರದ್ದು? ಮೂವತ್ತು ವರ್ಷ ಊರಲ್ಲಿ ಸಂಪಾದಿಸಿದ ನಂಬಿಕೆ ಯಾರದ್ದು? ಅದನ್ನು ಒಂದು ಮಿಕ್ಸರಿಗೆ ಕೊಟ್ಟರೆ ವ್ಯಾಪಾರ ನಷ್ಟದ್ದೇ.

ಇನ್ನು ಮಾಹಿತಿಯ ವಿಷಯ. ಆ್ಯಪಿಗೆ ಫೋನ್ ನಂಬರು, ಬ್ಯಾಂಕ್ ಖಾತೆ, ಪ್ಯಾನ್ ಕೊಡುತ್ತೇವೆ. ಒಂದೊಂದು ಸ್ಕ್ಯಾನಿನಿಂದ ಯಾವ ಡಬ್ಬಿ ಯಾರ ಕೈ ಸೇರಿತು, ಯಾರು ತಿಂಗಳಿಗೆ ಎಷ್ಟು ಕೆಲಸ ಮಾಡುತ್ತಾರೆ ಎಂಬ ಲೆಕ್ಕ ಕಂಪನಿಗೆ ಸಿಗುತ್ತದೆ. ಹಿಂದೆ ಇದಕ್ಕೆ ಸಂಬಳ ಕೊಟ್ಟು ಜನರನ್ನು ಊರೂರು ತಿರುಗಿಸಬೇಕಿತ್ತು. ಈಗ ಪೇಂಟರೇ ತನ್ನ ಡೇಟಾ ಪ್ಯಾಕಿನಲ್ಲಿ ಆ ಕೆಲಸ ಮಾಡಿಕೊಡುತ್ತಾನೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು ಎನ್ನುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಹಾಗಾದರೆ ಜಾಹೀರಾತಿಗೆ ಸಿಗುವ ಕನ್ನಡ ಷರತ್ತಿನ ಪುಟಕ್ಕೂ ಸಿಗಲೇಬೇಕು.

ತೆರಿಗೆಯ ಗುಂಡಿಯೂ ಇದೆ. 2022ರ ಜುಲೈ 1ರಿಂದ, ವ್ಯವಹಾರದ ಸಂಬಂಧವಾಗಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ಮೀರಿದ ಲಾಭ ಕೊಟ್ಟರೆ ಕೊಡುವವರು 10% ತೆರಿಗೆ ಹಿಡಿಯಬೇಕು. ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಟೂರಿನ ಫೋಟೊ ಕಳಿಸುವ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಈ ಮಾತನ್ನೂ ಕನ್ನಡದಲ್ಲಿ ಹಾಕಲು ಏನು ಕಷ್ಟ?

ಹಾಗಾಗಿ ಕಂಪನಿಗಳಿಗೆ ನಾವು ಹೇಳುವುದು ಇಷ್ಟೇ. ಡಬ್ಬಿಯ ಮೇಲೆ ಬೆಲೆಯ ಜೊತೆ 'ಇದರಲ್ಲಿ ಕಸುಬುದಾರರಿಗೆ ಇಷ್ಟು ರೂಪಾಯಿ' ಎಂದು ಬರೆಯಿರಿ. ಪಾಯಿಂಟು ಬೇಡ, ರೂಪಾಯಿಯಲ್ಲೇ ಹೇಳಿ. ಯೂಟ್ಯೂಬಿನ ಡಬ್ಬಿಂಗ್ ಪಾಠ ಸಾಕು. ಕುಮಟಾದಲ್ಲೋ ಹೊನ್ನಾವರದಲ್ಲೋ ಒಂದು ಚಿರೆಕಲ್ಲಿನ ಗೋಡೆಯ ಮುಂದೆ ನಿಂತು ಕಲಿಸಿ, ಮೂರು ಮಳೆಗಾಲ ಕಳೆದ ಮೇಲೆ ಅದೇ ಗೋಡೆ ತೋರಿಸಿ. ಇದಕ್ಕಿಂತ ದೊಡ್ಡ ಜಾಹೀರಾತು ನಮ್ಮ ಕರಾವಳಿಯಲ್ಲಿ ಇಲ್ಲ.

ಕಸುಬಿನ ಅಣ್ಣತಮ್ಮಂದಿರೇ, ಫೋನು ನಿಮ್ಮ ಕೈಯಲ್ಲೇ ಇದೆ. ಕಂಪನಿಯ ರೀಲ್ ಹಂಚುವ ಬದಲು ನಿಮ್ಮ ಕೆಲಸವನ್ನು ಹಾಕಿ: ಬಳಿದ ದಿನದ್ದು ಒಂದು ಫೋಟೊ, ಎರಡು ಮಳೆ ಕಳೆದ ಮೇಲಿನದ್ದು ಇನ್ನೊಂದು. ಕಂಪನಿಯಿಂದ ಹಣವೋ ವಸ್ತುವೋ ಪಡೆದು ಹೊಗಳುವುದಾದರೆ ಅದನ್ನು ಹೇಳಿಯೇ ಹೊಗಳಿ. 2022ರ ಜೂನ್‌ನಲ್ಲಿ ಬಂದ ಕೇಂದ್ರದ ಜಾಹೀರಾತು ಮಾರ್ಗಸೂಚಿ ಕೇಳುವುದೂ ಅದನ್ನೇ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಇನ್ನೂ ಮಾಡಿಸದಿದ್ದರೆ ಮೊದಲು ಅದನ್ನು ಮಾಡಿಸಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರಿಗೆ ಅದು ಹಕ್ಕು. ಪಾಯಿಂಟಿನ ಅವಧಿ ಕಂಪನಿಯ ಇಷ್ಟ, ಹಕ್ಕು ಹಾಗಲ್ಲ.

ಮನೆ ಕಟ್ಟಿಸುವವರೇ, ನಿಮ್ಮದೂ ತಪ್ಪಿಲ್ಲವೆಂದಲ್ಲ. ಕೂಲಿಯಲ್ಲಿ ನೂರು ರೂಪಾಯಿಗೆ ಚೌಕಾಸಿ ಮಾಡಿ, ಡಬ್ಬಿಯ ಬಿಲ್ಲನ್ನು ಓದದೆ ಕಟ್ಟುತ್ತೀರಿ. ಕೂಲಿ ಸರಿಯಾಗಿ ಕೊಡಿ. ಆಮೇಲೆ ನೇರ ಕೇಳಿ: "ಇದರಲ್ಲಿ ನಿಮಗೆ ಎಷ್ಟು ಬರುತ್ತದೆ? ಪಾಯಿಂಟು ಇಲ್ಲದಿದ್ದರೂ ಇದನ್ನೇ ಹಚ್ಚುತ್ತಿದ್ದಿರಾ?" ಒಳ್ಳೆಯ ಕೆಲಸಗಾರ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಉತ್ತರ ಕೊಡುತ್ತಾನೆ. ಆ ಉತ್ತರ ಕೇಳಿಯೇ ಡಬ್ಬಿ ಕೊಳ್ಳಿ.